ನಿವೃತ್ತಿಯ ನಂತರ ಮನೆಗೆ ಹಾಜರಾಗುವ ಬಗೆ

ರಾಜ್ಯ ಸರ್ಕಾರಿ ನೌಕರನಿಗೆ 60 ವರ್ಷ ತುಂಬುವ ತಿಂಗಳ ಕೊನೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಒಂದು ಫೋಟೊ ತೆಗೆದು ಮನೆಗೆ ಕಳುಹಿಸುತ್ತಾರೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಬಾಗಲಕೋಟೆ ಭಾಗದ ಖಜಾನೆಗಳಲ್ಲಿ 33 ವರ್ಷ ಕೂತು ಇತರರ ಪಿಂಚಣಿ ಕಡತಗಳನ್ನು ನೋಡಿದ ನಾನು, ನನ್ನ ಸರದಿ ಬಂದಾಗ ಎಲ್ಲವೂ ಗೊತ್ತಿದೆ ಎಂದೇ ಭಾವಿಸಿದ್ದೆ. ಗೊತ್ತಿದ್ದದ್ದು ಲೆಕ್ಕ ಮಾತ್ರ, ಮನೆ ಗೊತ್ತಿರಲಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ ಉಪಯೋಗವಾಗಲೆಂದು ಈ ಮೂರು ವರ್ಷಗಳಲ್ಲಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳಬೇಕಾದ ವಿಷಯವೆಂದರೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗಿನ ಮನೆಗೆ ನೀವು ಹೊಸಬರು. ಅಷ್ಟು ಹೊತ್ತು ಆ ಮನೆ ಮೂವತ್ತು ವರ್ಷ ನೀವಿಲ್ಲದೆ ನಡೆದಿದೆ; ಅದಕ್ಕೆ ತನ್ನದೇ ವೇಳಾಪಟ್ಟಿ, ತನ್ನದೇ ಅಧಿಕಾರಿ ಇದ್ದಾರೆ. ವರ್ಗವಾಗಿ ಹೊಸ ಕಚೇರಿಗೆ ಹೋದಾಗ ತಿಳಿದ ನೌಕರನು ಮೊದಲ ವಾರವೇ ಬೀರುಗಳ ಜಾಗ ಬದಲಿಸುವುದಿಲ್ಲ. ಯಾವ ವಹಿ ಎಲ್ಲಿದೆ, ಯಾರು ಏನು ಮಾಡುತ್ತಾರೆ ಎಂಬುದನ್ನು ಕೆಲವು ತಿಂಗಳು ನೋಡುತ್ತಾನೆ. ಮನೆಗೂ ಹಾಗೆಯೇ ಹಾಜರಾಗಬೇಕು.

ನಾನು ಹಾಗೆ ಮಾಡಲಿಲ್ಲ. ನಿವೃತ್ತನಾದ ಎರಡನೆಯ ವಾರವೇ ಕಿರಾಣಿ ಸಾಮಾನಿಗೆ ಒಂದು ವಹಿ ಹಾಕಿದೆ, ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡತೊಡಗಿದೆ, ಜೋಳದ ಹಿಟ್ಟನ್ನು ವಾರಕ್ಕೊಮ್ಮೆ ಬೀಸಿಸುವ ಬದಲು ತಿಂಗಳಿಗೊಮ್ಮೆ ಬೀಸಿಸಿದರೆ ಗಿರಣಿಯ ಓಡಾಟ ಉಳಿಯುತ್ತದೆ ಎಂದು ಸಲಹೆ ಕೊಟ್ಟೆ. ಹಳೆಯ ಹಿಟ್ಟಿನ ರೊಟ್ಟಿ ತಟ್ಟುವಾಗ ಹರಿಯುತ್ತದೆ ಎಂಬುದು ರೊಟ್ಟಿ ತಟ್ಟುವವರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ನನ್ನ ಮನೆಯವರು ಜಗಳವಾಡಲಿಲ್ಲ. "ನಿಮ್ಮ ಆಫೀಸಿಗೆ ನಾ ಎಂದರ ಬಂದು ಫೈಲ್ ನೋಡೀನೇನ್ರಿ?" ಎಂದು ಕೇಳಿ, ಗುಳೇದಗುಡ್ಡದ ತಂಗಿಯ ಮನೆಗೆ ಹೋಗಿ ಎಂಟು ದಿನ ಇದ್ದು ಬಂದರು. ಆ ಎಂಟು ದಿನಗಳಲ್ಲಿ ನಳದ ನೀರು ಯಾವಾಗ ಬರುತ್ತದೆ, ಹಾಲಿನವನಿಗೆ ಎಷ್ಟು ಬಾಕಿ, ಸೊಸೆ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯಲ್ಲಿ ಎಷ್ಟು ಕೆಲಸ ಮುಗಿದಿರಬೇಕು ಎಂಬ ಯಾವುದೂ ನನಗೆ ತಿಳಿದಿಲ್ಲವೆಂಬುದು ಸ್ಪಷ್ಟವಾಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ಮೊದಲ ಆರು ತಿಂಗಳು ಮನೆಯ ಯಾವ ಪದ್ಧತಿಯನ್ನೂ ಬದಲಿಸಬೇಡಿ. ಯಾರದೂ ಅಲ್ಲದ ಅಥವಾ ಎಲ್ಲರಿಗೂ ಬೇಸರವಾದ ಎರಡು ಮೂರು ಕೆಲಸಗಳನ್ನು ಕೇಳಿ ಪಡೆದುಕೊಳ್ಳಿ, ಮತ್ತು ಪಡೆದ ಮೇಲೆ ಹೇಳಿಸಿಕೊಳ್ಳದೆ ಪ್ರತಿದಿನ ಮಾಡಿ. ನನ್ನ ಪಾಲಿಗೆ ನೀರು ತುಂಬುವುದು, ಹೆಸ್ಕಾಂ ಬಿಲ್ಲು ಮತ್ತು ಗ್ಯಾಸಿನ ವ್ಯವಹಾರ, ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ಬಂದಿವೆ. ಮೊಮ್ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಬೇಕು. ಮಗುವಿಗೆ ತಾಯಿ ಮೊಬೈಲ್ ಕೊಡುವುದಿಲ್ಲ ಎಂದ ಮೇಲೆ ಅಜ್ಜ ಕೊಡಬಾರದು. ತಾಯಿ ಗದರಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಸೊಸೆಯ ಬಗ್ಗೆ ಹೇಳಬೇಕಾದ ಮಾತಿದ್ದರೆ ಮಗನ ಮೂಲಕ ಹೇಳಿ ಕಳುಹಿಸುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದರಿಂದ ಗಂಡ ಹೆಂಡಿರ ನಡುವೆ ಜಗಳವಾಗುವುದೇ ಹೊರತು ಬೇರೇನೂ ಆಗುವುದಿಲ್ಲ. ನೇರವಾಗಿ, ಮರ್ಯಾದೆಯಿಂದ, ಒಂದೇ ಸಲ ಹೇಳಿ ಬಿಟ್ಟುಬಿಡಿ.

ದಿನಚರಿಯನ್ನು ಹೊಂದಿಸುವುದು ಅಷ್ಟು ಕಷ್ಟವಲ್ಲ, ಏಕೆಂದರೆ ನಮ್ಮ ಊರಿನ ಬಿಸಿಲೇ ಅರ್ಧ ನಿರ್ಧರಿಸಿಬಿಡುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ವಾಯುವಿಹಾರ ಐದೂವರೆಗೆ ಆರಂಭವಾಗಿ ಏಳಕ್ಕೆ ಮುಗಿಯಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರು ಸಿಕ್ಕಿದ್ದರಿಂದ ಕಟ್ಟಿದ ಬಾಗಲಕೋಟೆಯ ನವನಗರದಲ್ಲಿ ರಸ್ತೆಗಳು ಅಗಲವಾಗಿವೆ. ನಡೆಯುವವರಿಗೆ ಅದೊಂದು ಸೌಕರ್ಯ. ಆದರೆ ಹಳೆಯ ಊರಿನ ಓಣಿಯ ಕಟ್ಟೆಗಳಲ್ಲಿ ಬೆಳೆದವರಿಗೆ ಸೆಕ್ಟರಿನ ಮನೆಗಳ ಕಾಂಪೌಂಡುಗಳ ನಡುವೆ ಮಧ್ಯಾಹ್ನದ ಹೊತ್ತು ಬಹಳ ಉದ್ದವೆನಿಸುತ್ತದೆ. ಹನ್ನೊಂದರಿಂದ ಒಂದರವರೆಗೆ ಮನೆಯ ಹೊರಗೆ ಒಂದು ಕೆಲಸವನ್ನು ಇಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು: ಗ್ರಂಥಾಲಯ, ಬ್ಯಾಂಕು, ಗುಡಿಯ ಟ್ರಸ್ಟಿನ ಲೆಕ್ಕ ಬರೆಯುವುದು, ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವುದು, ಯಾವುದಾದರೂ ಸರಿ. ಮನೆಯಾಕೆಗೂ ತನ್ನ ಮನೆಯಲ್ಲಿ ತಾನೊಬ್ಬಳೇ ಇರುವ ಎರಡು ಗಂಟೆ ಬೇಕು ಎಂಬುದನ್ನು ಗಂಡಸರು ತಡವಾಗಿ ತಿಳಿಯುತ್ತೇವೆ.

ಇನ್ನು ಹಣದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ನಿವೃತ್ತನ ಮನೆಯಲ್ಲಿ ಆಗುವ ಬಹುತೇಕ ಜಗಳಗಳ ಬೇರು ಇಲ್ಲಿದೆ.

30 ವರ್ಷದ ಅರ್ಹತಾದಾಯಕ ಸೇವೆಯಾಗಿದ್ದರೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿಯಾಗಿ ಬರುತ್ತದೆ. ಕೊನೆಯ ಮೂಲ ವೇತನ 80,000 ರೂಪಾಯಿ ಎಂದಿಟ್ಟುಕೊಂಡರೆ ಪಿಂಚಣಿ 40,000 ರೂಪಾಯಿ. ಅದರ ಮೂರನೆಯ ಒಂದು ಭಾಗವನ್ನು ಪರಿವರ್ತನೆ ಮಾಡಿಸಿ ಇಡಿಗಂಟು ತೆಗೆದುಕೊಂಡರೆ ಪ್ರತಿ ತಿಂಗಳು ಉಳಿಯುವುದು ಸುಮಾರು 26,667 ರೂಪಾಯಿ. ಕಡಿತವಾದ ಭಾಗ ಮತ್ತೆ ಕೂಡುವುದು 15 ವರ್ಷಗಳ ನಂತರ. ತುಟ್ಟಿಭತ್ಯೆಯನ್ನು ಮಾತ್ರ ಕಡಿತಕ್ಕೆ ಮೊದಲಿನ ಪೂರ್ಣ ಪಿಂಚಣಿಯ ಮೇಲೆ ಲೆಕ್ಕ ಹಾಕಲಾಗುತ್ತದೆ. (2006ರ ಏಪ್ರಿಲ್ 1ರಂದು ಅಥವಾ ಅನಂತರ ಸೇವೆಗೆ ಸೇರಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಒಳಪಟ್ಟವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.) ಇದರ ಜೊತೆ ಇನ್ನೊಂದು ಸಂಖ್ಯೆಯನ್ನು ಬರೆದಿಡಿ: ನಿಮ್ಮ ನಂತರ ಪತ್ನಿಗೆ ಸಾಮಾನ್ಯ ದರದ ಕುಟುಂಬ ಪಿಂಚಣಿಯಾಗಿ ಬರುವುದು ಕೊನೆಯ ಮೂಲ ವೇತನದ ಶೇ. 30, ಅಂದರೆ ಈ ಉದಾಹರಣೆಯಲ್ಲಿ 24,000 ರೂಪಾಯಿ. ಮನೆಯ ಖರ್ಚನ್ನು ಇಂದೇ ಆ ಸಂಖ್ಯೆಯ ಹತ್ತಿರ ತಂದರೆ ಮುಂದೆ ಆಕೆ ಯಾರ ಮುಂದೆಯೂ ಕೈಚಾಚಬೇಕಾಗುವುದಿಲ್ಲ. ಖರ್ಚಿನ ಲೆಕ್ಕವನ್ನು ಆಕೆಯ ಮೇಲೆ ಹೇರದೆ, ಆಕೆಯ ಜೊತೆ ಕೂತು ಮಾಡಬೇಕು. ಮೊದಲು ನಿಮ್ಮ ಖರ್ಚು ಬರೆಯಿರಿ, ಪೆಟ್ರೋಲು, ಔಷಧ, ಗೆಳೆಯರ ಚಹಾ ಎಲ್ಲವನ್ನೂ.

ಪರಿವರ್ತನೆಯ ಮೊತ್ತ, ಉಪದಾನ (ಗ್ರಾಚ್ಯುಟಿ), ಗಳಿಕೆ ರಜೆಯ ನಗದೀಕರಣ ಇವೆಲ್ಲ ಕೆಲವೇ ತಿಂಗಳುಗಳಲ್ಲಿ ಖಾತೆಗೆ ಬಂದು ಬೀಳುತ್ತವೆ. ಜೀವಮಾನದಲ್ಲಿ ಅಷ್ಟು ಹಣವನ್ನು ಒಟ್ಟಿಗೆ ನೋಡಿರದ ನಮ್ಮಂಥವರಿಗೆ ಆಗ ತಲೆ ನಿಲ್ಲುವುದಿಲ್ಲ, ಬಂಧುಗಳಿಗೂ ನಿಲ್ಲುವುದಿಲ್ಲ. ಮೊದಲ ವರ್ಷ ವಾಪಸು ಪಡೆಯಲಾಗದ ಯಾವ ನಿರ್ಧಾರವನ್ನೂ ಮಾಡಬೇಡಿ. ಹಣವನ್ನು ಬ್ಯಾಂಕಿನಲ್ಲಿ ಒಂದು ವರ್ಷದ ಠೇವಣಿಯಾಗಿಟ್ಟರೂ ನಷ್ಟವೇನಿಲ್ಲ.

ನಮ್ಮ ಸೀಮೆಯವರಿಗೆ ವಿಶೇಷವಾಗಿ ಒಂದು ಮಾತು ಹೇಳಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ಇದು. ಸಹಕಾರಿ ಎಂದರೆ ನಮಗೆ ಮನೆಯದೇ ಎಂಬ ನಂಬಿಕೆ. ಓಣಿಗೊಂದು ಪತ್ತಿನ ಸಂಘ, ಸೌಹಾರ್ದ ಸಹಕಾರಿ ಇವೆ, ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಬಹಳ ಇವೆ. ಆದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಬ್ಯಾಂಕುಗಳ ಠೇವಣಿಗೆ, ಅವು ಸಹಕಾರಿ ಬ್ಯಾಂಕುಗಳಾಗಿದ್ದರೂ, 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ವಿಮೆ ಇದೆ. ಪತ್ತಿನ ಸಂಘಗಳ ಮತ್ತು ಬ್ಯಾಂಕ್ ಅಲ್ಲದ ಸೌಹಾರ್ದಗಳ ಠೇವಣಿಗೆ ಆ ವಿಮೆ ಇಲ್ಲ. ಈ ವ್ಯತ್ಯಾಸ ಗೊತ್ತಿದ್ದೂ ನಾನು ಸಂಬಂಧಿಕರೊಬ್ಬರ ಮಾತಿಗೆ, ಎರಡು ರೂಪಾಯಿ ಹೆಚ್ಚಿನ ಬಡ್ಡಿಗೆ ಮೂರು ಲಕ್ಷ ಇಟ್ಟೆ. ಮಗಳ ಬಾಣಂತನಕ್ಕೆ ಬೇಕಾದಾಗ ಕೇಳಲು ಹೋದರೆ ಮುಂದಿನ ತಿಂಗಳು ಬರ್ರಿ ಎಂದರು. ಆ ಮುಂದಿನ ತಿಂಗಳು ಎರಡು ವರ್ಷವಾಯಿತು. ಹಣ ಸಿಕ್ಕಿತು, ಕಂತುಗಳಲ್ಲಿ, ಆದರೆ ಮಗಳ ಎದುರು ತಲೆ ತಗ್ಗಿಸಿದ್ದು ಮರೆಯುವುದಿಲ್ಲ. ಠೇವಣಿ ಇಡುವ ಮೊದಲು ಶಾಖೆಯಲ್ಲಿ ನೇರವಾಗಿ ಎರಡು ಪ್ರಶ್ನೆ ಕೇಳಿ: ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ, ಠೇವಣಿ ವಿಮೆ ಇದೆಯೇ. ಉತ್ತರ ಸುತ್ತಿ ಬಳಸಿ ಬಂದರೆ ಎದ್ದು ಬನ್ನಿ.

ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ನನ್ನ ಅಭಿಪ್ರಾಯದಲ್ಲಿ ಮೊದಲು ತುಂಬಿಸಬೇಕಾದ ಪಾತ್ರೆ. 2023ರ ಏಪ್ರಿಲ್‌ನಿಂದ ಒಬ್ಬರಿಗೆ 30 ಲಕ್ಷ ರೂಪಾಯಿಯವರೆಗೆ ಇಡಬಹುದು. ಅವಧಿ 5 ವರ್ಷ. ಆ ಏಪ್ರಿಲ್‌ನಲ್ಲಿ ಬಡ್ಡಿ ದರ ಶೇ. 8.2ಕ್ಕೆ ಏರಿತು. ಹೊಸ ಠೇವಣಿಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಆದರೆ ನೀವು ಇಟ್ಟ ದಿನದ ದರ ಐದು ವರ್ಷವೂ ಹಾಗೆಯೇ ಇರುತ್ತದೆ. ಆ ದರದಲ್ಲಿ 10 ಲಕ್ಷಕ್ಕೆ ಪ್ರತಿ ಮೂರು ತಿಂಗಳಿಗೆ 20,500 ರೂಪಾಯಿ ಬರುತ್ತದೆ. ಪತ್ನಿಗೆ 60 ತುಂಬಿಲ್ಲದಿದ್ದರೂ ಜಂಟಿಯಾಗಿ ಸೇರಿಸಬಹುದು. ಒಂದು ವರ್ಷದೊಳಗೆ ಮುಚ್ಚಿದರೆ ಬಡ್ಡಿಯೇ ಸಿಗುವುದಿಲ್ಲ, ಆದ್ದರಿಂದ ಆಸ್ಪತ್ರೆಯ ಖರ್ಚಿಗೆಂದು ಒಂದು ಮೊತ್ತವನ್ನು ಪ್ರತ್ಯೇಕವಾಗಿ, ಬೇಕಾದಾಗ ತೆಗೆಯುವಂತೆ ಇಟ್ಟುಕೊಂಡು ಉಳಿದದ್ದನ್ನು ಇದರಲ್ಲಿ ಹಾಕಿ.

ಮಕ್ಕಳು ಹಣ ಕೇಳುವುದು ತಪ್ಪಲ್ಲ. ಮಗ ವಿದ್ಯಾಗಿರಿಯಲ್ಲಿ ಪ್ಲಾಟು ನೋಡಿರುತ್ತಾನೆ, ಅಳಿಯನಿಗೆ ಅಂಗಡಿ ಹಾಕುವ ಆಸೆ ಇರುತ್ತದೆ. ಕೊಡುವುದಾದರೆ ಎಷ್ಟು ಕೊಡಬಲ್ಲಿರಿ ಎಂಬುದನ್ನು ಗಂಡ ಹೆಂಡತಿ ಮೊದಲೇ ತೀರ್ಮಾನಿಸಿ, ಎಲ್ಲ ಮಕ್ಕಳ ಎದುರು ಒಂದೇ ದಿನ ಹೇಳಿ. ಗುಟ್ಟಾಗಿ ಒಬ್ಬರಿಗೆ ಕೊಟ್ಟ ಹಣ ಎಂದಾದರೂ ಹೊರಬಂದೇ ಬರುತ್ತದೆ. ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡಿ, ಸ್ವಂತ ತಮ್ಮನಿಗೂ ಬೇಡ. ಮನೆಯನ್ನು ಮಕ್ಕಳ ಹೆಸರಿಗೆ ಈಗಲೇ ಬರೆದುಕೊಡಿ ಎಂಬ ಒತ್ತಾಯ ಬಂದರೆ ಬಕ್ಷೀಸ ಪತ್ರದ (ದಾನಪತ್ರದ) ಬದಲು ಮೃತ್ಯುಪತ್ರ (ಉಯಿಲು) ಬರೆಯುವುದು ಕ್ಷೇಮ. ಮೃತ್ಯುಪತ್ರವನ್ನು ಬದುಕಿರುವವರೆಗೆ ಬದಲಿಸಬಹುದು. ಬರೆದುಕೊಡಲೇಬೇಕಾದರೆ, ನಮ್ಮಿಬ್ಬರನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಸಿ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ಅಂಥ ಷರತ್ತು ಇದ್ದು ಅದನ್ನು ಪಾಲಿಸದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಇಂಥ ತೊಂದರೆಯಲ್ಲಿರುವ ಹಿರಿಯರು 14567 ಸಹಾಯವಾಣಿಗೆ ಕರೆ ಮಾಡಬಹುದು.

ಫೋನಿನಲ್ಲಿ ಪೊಲೀಸರೆಂದು ಹೇಳಿ ಹಣ ಕೇಳುವವರ ಬಗ್ಗೆ ಎಲ್ಲರಿಗೂ ಗೊತ್ತಿದೆ, ಆದರೂ ಓದಿದವರೇ ಮೋಸ ಹೋಗುತ್ತಿದ್ದಾರೆ. ವಿಡಿಯೊ ಕರೆಯಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲ. ಹಣ ಹೋದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರತಿ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮರೆಯಬಾರದು. 2014ರಿಂದ ಅದನ್ನು ಜೀವನ್ ಪ್ರಮಾಣ್ ಮೂಲಕ ಆಧಾರ್ ಬಳಸಿ ಕೊಡುವ ಅನುಕೂಲವಿದೆ. ವಯಸ್ಸಾಗಿ ಬೆರಳಿನ ಗುರುತು ಬಾರದವರಿಗೆ ಮುಖ ತೋರಿಸಿ ಕೊಡುವ ವ್ಯವಸ್ಥೆಯೂ ಬಂದಿದೆ.

ಕೊನೆಯದಾಗಿ, ಒಂದು ನೋಟ್‌ಬುಕ್ಕಿನಲ್ಲಿ ಪಿಂಚಣಿ ಪಾವತಿ ಆದೇಶದ ಸಂಖ್ಯೆ, ಖಾತೆಗಳು, ಠೇವಣಿ ರಸೀದಿಗಳು, ವಿಮೆ, ಮನೆಯ ಉತಾರ, ಕೊಡಬೇಕಾದ ಮತ್ತು ಬರಬೇಕಾದ ಹಣ ಎಲ್ಲವನ್ನೂ ಕೈಬರಹದಲ್ಲಿ ಬರೆದಿಡಿ, ಪ್ರತಿ ಖಾತೆಗೂ ನಾಮನಿರ್ದೇಶನ ಆಗಿದೆಯೇ ನೋಡಿ. ಬರೆದು ಬೀರುವಿನಲ್ಲಿಟ್ಟರೆ ಸಾಲದು. ಪತ್ನಿಯನ್ನು ಕೂರಿಸಿಕೊಂಡು ಓದಿಸಬೇಕು, ಬ್ಯಾಂಕಿಗೆ ಜೊತೆಯಲ್ಲಿ ಕರೆದೊಯ್ದು ಹಣ ತೆಗೆಯುವುದನ್ನು ಆಕೆಯ ಕೈಯಲ್ಲಿಯೇ ಮಾಡಿಸಬೇಕು. ನನ್ನ ಮನೆಯವರು ನನ್ನ ಅಚ್ಚುಕಟ್ಟಾದ ಹದಿನಾರು ಪುಟಗಳನ್ನು ಎರಡು ಸಂಜೆ ಕೂತು ಓದಿದರು. ಓದಿ ಮುಗಿಸಿ, "ಎಲ್ಲಾ ಬರದೀರಿ, ಲಾಕರಿನ ಕೀಲಿಕೈ ಯಾವ ಡಬ್ಬಿಯೊಳಗ ಐತಿ ಅನ್ನೂದು ಬರದೇ ಇಲ್ಲಲ್ರಿ" ಎಂದರು. ಹದಿನೇಳನೆಯ ಪುಟವನ್ನು ಅವರ ಕೈಯಿಂದಲೇ ಬರೆಸಿದೆ.