ಮನೆ ಇನ್ಶೂರೆನ್ಸ್ ಪ್ರೀಮಿಯಂ ಏರಿತು ಅಂತ ಪಾಲಿಸಿ ಬಿಡೋಕೆ ಮುಂಚೆ ಇಷ್ಟು ನೋಡಿ

ನಮ್ಮನೆ ಸಕಲೇಶಪುರದಲ್ಲಿ, ಹೇಮಾವತಿ ಹೊಳೆಯಿಂದ ಕೂಗಳತೆ ದೂರ. ಹೊಳೆ ಮಲ್ಲೇಶ್ವರ ದೇವಸ್ಥಾನಕ್ಕೆ ನೀರು ಬಂತು ಅಂದ್ರೆ ನಮಗೆ ರಾತ್ರಿ ನಿದ್ದೆ ಇಲ್ಲ. ಈ ಸಲ ಮೇ ತಿಂಗಳಲ್ಲಿ ರಿನ್ಯೂವಲ್ ಬಂದಾಗ ಪ್ರೀಮಿಯಂ ನೋಡಿ ಮನೆಯವರು ಬೇಡ ಬಿಡು, ಅದೇ ದುಡ್ಡಲ್ಲಿ ಹೆಂಚು ಬದಲಾಯಿಸೋಣ ಅಂದ್ರು, ನಾನೂ ಹೂಂ ಅಂದಿದ್ದೆ, ಆದ್ರೆ 2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಮಲೆಮನೆಯಲ್ಲಿ ಗುಡ್ಡ ಜರಿದು ಮನೆಗಳು ಹೋದದ್ದು ನೆನಪಾಗಿ ಕೈ ಬರಲಿಲ್ಲ. ಸರ್ಕಾರದ ಪರಿಹಾರ ನಂಬ್ಕೊಂಡು ಕೂರೋಕೂ ಆಗಲ್ಲ, 2022ರಿಂದ 2026ರ ಮಾರ್ಚ್‌ವರೆಗಿನ ವಿಪತ್ತು ನಿಧಿ ಲೆಕ್ಕದಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಲ್ಲಿ 1.30 ಲಕ್ಷ ಇತ್ತು, ರಾಜ್ಯ ಸರ್ಕಾರ ಮೇಲೆ ಸೇರಿಸಿದ್ರೆ ಉಂಟು ಇಲ್ದಿದ್ರೆ ಇಲ್ಲ. ಅದ್ರಲ್ಲಿ ಪಾಯ ಕೂಡ ಮೇಲೇಳಲ್ಲ.

ಪಾಲಿಸಿ ಕಾಗದ ತೆಗೆದು ಮೊದ್ಲು ಸಮ್ ಇನ್ಶೂರ್ಡ್, ಅಂದ್ರೆ ಕಂಪನಿ ಜಾಸ್ತಿ ಅಂದ್ರೆ ಕೊಡೋ ಮೊತ್ತ, ಎಷ್ಟಿದೆ ನೋಡಿ. ನಮ್ಮಲ್ಲಿ ತುಂಬ ಜನ ಮೋಸ ಹೋಗೋದೇ ಇಲ್ಲಿ. ಲೋನ್ ತಗೊಂಡಾಗ ಬ್ಯಾಂಕಲ್ಲಿ ಮಾಡಿಸಿದ ಪಾಲಿಸಿ ನಮ್ಮದು, ಅವರು ಸೈಟ್ ಬೆಲೆನೂ ಸೇರಿಸಿ ಬರೆದಿದ್ರು, ನಾನು ಓದದೆ ಸೈನ್ ಹಾಕಿದ್ದೆ. ನೆರೆಯಲ್ಲಿ ಗೋಡೆ ಹೋಗುತ್ತೆ, ಸೈಟ್ ಎಲ್ಲೂ ಹೋಗಲ್ಲ, ಜಾಗದ ಬೆಲೆಗೆ ಕ್ಲೇಮ್ ಬರೋದೇ ಇಲ್ಲ, ಅಂದ್ಮೇಲೆ ಅದಕ್ಕೆ ಪ್ರೀಮಿಯಂ ಯಾಕೆ ಕಟ್ಬೇಕು? ಲೆಕ್ಕ ಸುಲಭ, ಕಾರ್ಪೆಟ್ ಏರಿಯಾ (ಗೋಡೆ ಒಳಗಿನ ಜಾಗ) ಇಂಟು ಇವತ್ತು ಕಟ್ಟೋಕೆ ಚದರಡಿಗೆ ಆಗೋ ಖರ್ಚು. 1000 ಚದರಡಿ, ಮೇಸ್ತ್ರಿ 2000 ಅಂತ ಹೇಳಿದ್ರೆ 20 ಲಕ್ಷ, ಮುಗೀತು. ಸೈಟ್ ಸೇರಿಸಿ 50 ಲಕ್ಷಕ್ಕೆ ಮಾಡಿಸಿದ್ರೆ 30 ಲಕ್ಷದ ಮೇಲಿನ ಪ್ರೀಮಿಯಂ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಬ್ಯಾಂಕು ತನ್ನ ಕಂಪನಿಯಲ್ಲೇ ಮಾಡ್ಸಿ ಅಂತ ಒತ್ತಾಯ ಮಾಡೋ ಹಾಗಿಲ್ಲ, ಬೇರೆ ಕಡೆನೂ ರೇಟ್ ಕೇಳಿ.

ಎರಡನೇದು, ಭಾರತ್ ಗೃಹ ರಕ್ಷಾ ಅಂತ ಕೇಳಿ. 2021ರ ಏಪ್ರಿಲ್ 1ರಿಂದ ಎಲ್ಲಾ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಕೊಡ್ಲೇಬೇಕಾದ ಪಾಲಿಸಿ ಇದು, ಕಂಪನಿ ಬದಲಾದ್ರೂ ಒಳಗಿನ ಕವರ್ ಒಂದೇ, ರೇಟ್ ಮಾತ್ರ ಬೇರೆ ಬೇರೆ. ನೆರೆ, ಗಾಳಿ, ಸಿಡಿಲು, ಭೂಕುಸಿತ ಎಲ್ಲ ಒಳಗೇ ಇದೆ. ಅಮೆರಿಕದಲ್ಲಿ ಮಾಮೂಲಿ ಮನೆ ಪಾಲಿಸಿಯಲ್ಲಿ ನೆರೆ ಬರಲ್ಲ, ಬೇರೆನೇ ತಗೋಬೇಕು, ಅಲ್ಲಿನ ಸರ್ಕಾರಿ ಸ್ಕೀಮಲ್ಲಿ ವಾಸದ ಮನೆಗೇ ವರ್ಷಕ್ಕೆ 18% ವರೆಗೂ ಪ್ರೀಮಿಯಂ ಏರಿಸ್ತಾರೆ. ಆ ಲೆಕ್ಕದಲ್ಲಿ ನಾವು ಪರವಾಗಿಲ್ಲ. ಮನೆ ಸಾಮಾನಿಗೂ ಕಟ್ಟಡದ ಮೊತ್ತದ 20%, ಜಾಸ್ತಿ ಅಂದ್ರೆ 10 ಲಕ್ಷದವರೆಗೆ ತಾನಾಗೇ ಸೇರಿರುತ್ತೆ, ಅದಕ್ಕೆ ಇನ್ನೊಂದು ಪಾಲಿಸಿ ಮಾರೋಕೆ ಬಂದ್ರೆ ಸುಮ್ನೆ ತಲೆ ಆಡಿಸ್ಬೇಡಿ. 10 ವರ್ಷದವರೆಗೂ ಒಟ್ಟಿಗೆ ತಗೋಬಹುದು, ಕೈಯಲ್ಲಿ ದುಡ್ಡಿದ್ರೆ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಮಧ್ಯೆ ರೇಟ್ ಏರಿದ್ರೂ ನಿಮಗೆ ತಟ್ಟಲ್ಲ, ಜೊತೆಗೆ ಕಟ್ಟಡದ ಮೊತ್ತ ವರ್ಷ ವರ್ಷ 10% ತಾನಾಗೇ ಏರ್ತಾ ಹೋಗುತ್ತೆ. 18% ಜಿಎಸ್‌ಟಿ ಮಾತ್ರ ತಪ್ಪಲ್ಲ, 2025ರ ಸೆಪ್ಟೆಂಬರಲ್ಲಿ ಹೆಲ್ತ್ ಪಾಲಿಸಿಗೆ ತೆಗೆದ್ರು, ಮನೆಗೆ ತೆಗೀಲಿಲ್ಲ. ತೆಗೀಬೇಕಿತ್ತು.

ನಮ್ಮ ಮಲೆನಾಡಿನವರು ಸ್ವಲ್ಪ ಗಮನ ಇಟ್ಟು ಓದಬೇಕಾದ್ದು ಇದು. ಕಾಂಪೌಂಡ್, ಮಣ್ಣು ಜರಿಯದ ಹಾಗೆ ಕಟ್ಟೋ ರಿಟೈನಿಂಗ್ ವಾಲ್, ನೀರಿನ ಟ್ಯಾಂಕ್, ಸೋಲಾರ್ ಎಲ್ಲ ಕಟ್ಟಡದ ಲೆಕ್ಕಕ್ಕೇ ಬರುತ್ತೆ, ಅದರ ಖರ್ಚೂ ಸೇರಿಸಿ ಹೇಳಿ, ಮಳೆಗಾಲದಲ್ಲಿ ಮೊದ್ಲು ಕೈಕೊಡೋದೇ ಆ ಗೋಡೆ. ಆದ್ರೆ ಜೆಸಿಬಿ ತಂದು ಮಣ್ಣು ತುಂಬಿಸಿ ಎತ್ತರ ಮಾಡಿದ ಸೈಟ್ ಕುಸಿದ್ರೆ, ಹೊಳೆ ಕೊರೆತ ಆಗಿ ಜಾಗ ಜಾರಿದ್ರೆ, ಕೆಲಸ ಸರಿ ಇಲ್ದೆ ಗೋಡೆ ಬಿರುಕು ಬಿಟ್ರೆ ಕವರ್ ಇಲ್ಲ. ಹಾಗಾಗಿ ಮನೆ ಹಿಂದೆ ಧರೆ ಕಡಿಯೋ ಮುಂಚೆ ನೂರು ಸಲ ಯೋಚನೆ ಮಾಡಿ ದಯವಿಟ್ಟು. ಎರಡು ರೂಮ್ ಹೋಮ್‌ಸ್ಟೇಗೆ ಕೊಟ್ಟಿದ್ರೆ ಕಂಪನಿಗೆ ಮೊದ್ಲೇ ಬರೆದು ತಿಳಿಸಿ, ಚಿಕ್ಕಮಗಳೂರು ಕಡೆ ಇದು ಮುಚ್ಚಿಡೋರು ಜಾಸ್ತಿ, ಆಮೇಲೆ ಅದನ್ನೇ ಹಿಡ್ಕೊಂಡು ಕ್ಲೇಮ್ ತಿರಸ್ಕರಿಸ್ತಾರೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಹೌಸು, ಕಾಫಿ ಗೋಡೌನಿಗೆ ಈ ಪಾಲಿಸಿ ಅಲ್ಲ, ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಇದೆ.

ಇವತ್ತೇ ಮೊಬೈಲ್ ಹಿಡ್ಕೊಂಡು ಪ್ರತಿ ಕೋಣೆ, ಫ್ರಿಜ್ಜು, ಮಂಚ, ಬೀರು ವಿಡಿಯೋ ಮಾಡಿ ಮಕ್ಕಳ ಫೋನಿಗೂ ಕಳ್ಸಿಡಿ. ನೀರು ಬಂದು ಇಳಿದ್ಮೇಲೆ ಕೆಸರು ತೊಳಿಯೋಕೆ ಮನಸ್ಸು ಹಾತೊರೆಯುತ್ತೆ, ಗೊತ್ತು, ಆದ್ರೆ ಫೋಟೋ ತೆಗೆಯೋವರೆಗೂ ತಡ್ಕೊಳ್ಳಿ, ಗೋಡೆ ಮೇಲೆ ನೀರು ನಿಂತ ಗುರುತಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ, ಹಾಳಾದ ಸಾಮಾನು ಎಸೀಬೇಡಿ. ಅವತ್ತೇ ಕಂಪನಿಗೆ ತಿಳ್ಸಿ ಕ್ಲೇಮ್ ನಂಬರ್ ಬರೆದಿಟ್ಕೊಳ್ಳಿ. 2024ರ ನಿಯಮದ ಪ್ರಕಾರ 24 ಗಂಟೆಯಲ್ಲಿ ನಷ್ಟ ಲೆಕ್ಕ ಹಾಕೋ ಸರ್ವೇಯರ್ ನೇಮಕ ಆಗ್ಬೇಕು, 15 ದಿನದಲ್ಲಿ ಅವರ ರಿಪೋರ್ಟ್, ಅದು ಬಂದು 7 ದಿನದಲ್ಲಿ ತೀರ್ಮಾನ. ಎಳೆದಾಡಿದ್ರೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಐಆರ್‌ಡಿಎಐನ 155255ಕ್ಕೆ ಫೋನ್ ಮಾಡಿ, ಇಲ್ಲಾ ಅವರದೇ ವೆಬ್‌ಸೈಟ್ ಬಿಮಾ ಭರೋಸಾದಲ್ಲಿ ದೂರು ಹಾಕಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಇನ್ಶೂರೆನ್ಸ್ ದೂರು ಕೇಳಿ ತೀರ್ಮಾನ ಮಾಡೋ ಒಂಬುಡ್ಸ್‌ಮನ್ ಇದಾರೆ, 50 ಲಕ್ಷದವರೆಗಿನ ದೂರು ತಗೋತಾರೆ, ಲಾಯರ್ ಬೇಡ, ಫೀಸೂ ಇಲ್ಲ.