ಬೋರ್ಡ್ ಪಾಸಾಯ್ತು, ಸ್ಕ್ರೂ ಫೇಲಾಯ್ತು

ಪೀಣ್ಯದಲ್ಲಿ ನಮ್ಮದು ಎಲ್‌ಇಡಿ ಡ್ರೈವರ್, ಅಂದರೆ ಎಲ್‌ಇಡಿ ದೀಪಕ್ಕೆ ತಕ್ಕ ಕರೆಂಟ್ ಕೊಡುವ ಸಾಧನ, ಮಾಡುವ ಸಣ್ಣ ಕಾರ್ಖಾನೆ. 2019ರಲ್ಲಿ ಜರ್ಮನಿಯ ಗಿರಾಕಿಯೊಬ್ಬರು ರೋಹ್ಸ್ (ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸದಂಥ ಅಪಾಯಕಾರಿ ವಸ್ತುಗಳಿಗೆ ಮಿತಿ ಹಾಕುವ ಯುರೋಪಿನ ನಿಯಮ) ದಾಖಲೆ ಕೇಳಿದಾಗ ನಾನು ಧೈರ್ಯವಾಗಿಯೇ ಇದ್ದೆ. ಸೀಸದ ಸೋಲ್ಡರ್ ಬಿಟ್ಟು ವರ್ಷಗಳಾಗಿದ್ದವು. ಹಳೆಯ 63/37 ತವರ-ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತಿತ್ತು, ಸೀಸವಿಲ್ಲದ ಹೊಸ ಎಸ್‌ಎಸಿ305 ಸೋಲ್ಡರಿಗೆ 217 ದಾಟಬೇಕು. ಅದಕ್ಕೆ ತಕ್ಕಂತೆ ಓವನ್ನಿನ ಬಿಸಿಯ ಪ್ರೊಫೈಲ್ ಬದಲಿಸಿದ್ದಾಗಿತ್ತು. ಸೀಸವಿಲ್ಲದ ಜಾಯಿಂಟ್ ಮಂಕಾಗಿಯೇ ಕಾಣಬಹುದು, ಮಂಕಾಗಿದೆ ಅಂತ ಸುಮ್ನೆ ರಿಜೆಕ್ಟ್ ಮಾಡಬೇಡಿ ಎಂದು ಹುಡುಗರಿಗೂ ಹೇಳಿಕೊಟ್ಟಿದ್ದೆ.

ಸಿಕ್ಕಿಬಿದ್ದದ್ದು ಸ್ಕ್ರೂನಲ್ಲಿ.

ಕವರ್ ಮುಚ್ಚಲು ಹಳದಿ ಜಿಂಕ್ ಪ್ಲೇಟಿಂಗಿನ ಸ್ಕ್ರೂ ಹಾಕುತ್ತಿದ್ದೆವು. ಲ್ಯಾಬಿನಲ್ಲಿ ಅದನ್ನು ಪರೀಕ್ಷಿಸಿದಾಗ ದ್ರಾವಣ ನೇರಳೆಗೆ ತಿರುಗಿತು. ಅಂದರೆ ಮೇಲಿನ ಪದರದಲ್ಲಿ ರೋಹ್ಸ್ ಮಿತಿ ಹಾಕಿರುವ ಆರು ವೇಲೆನ್ಸಿಯ ಕ್ರೋಮಿಯಂ ಇದೆ.

"ಸಾರ್, ಆ ಪದರ ಎಷ್ಟು ತೂಕ ಬರುತ್ತೆ? ಇಡೀ ಡ್ರೈವರ್ ತೂಕದ ಮುಂದೆ ಏನೂ ಇಲ್ಲ ಅಲ್ವಾ?" ಅಂದ ಸ್ಟೋರ್ಸ್ ಹುಡುಗ. ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ಹಾಗಲ್ಲ. ಸ್ಕ್ರೂವಿನ ಉಕ್ಕು ಒಂದು ವಸ್ತು, ಮೇಲಿನ ಪದರ ಇನ್ನೊಂದು. ವೈರಿನ ತಾಮ್ರ ಬೇರೆ, ಮೇಲಿನ ಪ್ಲಾಸ್ಟಿಕ್ ಬೇರೆ. ಒಂದೊಂದರಲ್ಲೂ ಇಂಥ ಅಪಾಯಕಾರಿ ವಸ್ತುವಿಗೆ ಆ ಭಾಗದ ತೂಕದ ಶೇ. 0.1 ಮಿತಿ, ಕ್ಯಾಡ್ಮಿಯಂಗೆ ಮಾತ್ರ ಶೇ. 0.01.

ಆ ಸ್ಕ್ರೂಗೆ ಸರ್ಟಿಫಿಕೇಟ್ ಇರಲಿಲ್ಲವೇ? ಇತ್ತು. ತೆಗೆದು ಓದಿದರೆ ಮೂರು ವರ್ಷ ಹಳೆಯದು, ಅದೂ ಬಿಳಿ ಪ್ಲೇಟಿಂಗಿನ ಸ್ಕ್ರೂನದು! ಫೈಲಿಗೆ ಹಾಕುವಾಗ ಯಾರೂ ಓದಿರಲಿಲ್ಲ. ನಾನೂ ಓದಿರಲಿಲ್ಲ.

ಆಮೇಲೆ ಇಡೀ ಬಿಒಎಂ, ಅಂದರೆ ಬಿಡಿಭಾಗಗಳ ಪಟ್ಟಿ, ಹಿಡಿದು ಕೂತೆ. ಎಲ್ಲವನ್ನೂ ಲ್ಯಾಬಿಗೆ ಕಳಿಸಿದರೆ ದಿವಾಳಿಯೇ ಗತಿ. ದೊಡ್ಡ ಕಂಪನಿಗಳ ರೆಸಿಸ್ಟರ್, ಐಸಿಗೆ ಅವರ ಘೋಷಣೆಯೇ ಸಾಕೆಂದು ಬಿಟ್ಟೆ. ಲೋಕಲ್ಲಾಗಿ ತಂದ ಸ್ಕ್ರೂ, ಪೇಂಟ್, ವೈರ್, ಸ್ಲೀವ್ ಮೇಲೆ ಮಾತ್ರ ದುಡ್ಡು ಸುರಿದೆ. ಮೆತ್ತಗಿನ ಪಿವಿಸಿ ಸ್ಲೀವ್ ಮೇಲೆ ಜಾಸ್ತಿ ಅನುಮಾನ. ಅದನ್ನು ಮೆತ್ತಗೆ ಮಾಡಲು ಥಾಲೇಟ್ ಬೆರೆಸುತ್ತಾರೆ, ಅಂಥ ನಾಲ್ಕಕ್ಕೆ 2019ರ ಜುಲೈ 22ರಿಂದ ಯುರೋಪಿನಲ್ಲಿ ಮಿತಿ ಬರುತ್ತಿತ್ತು. ಎಕ್ಸ್-ರೇ ಬಿಟ್ಟು ವಸ್ತುವಿನಲ್ಲಿರುವ ಮೂಲಧಾತು ಗುರುತಿಸುವ ಎಕ್ಸ್‌ಆರ್‌ಎಫ್ ಗನ್ನಿಗೆ ಥಾಲೇಟ್ ಕಾಣುವುದಿಲ್ಲ. ಕ್ಲೋರಿನ್ ತೋರಿಸುತ್ತದೆ, ಪಿವಿಸಿ ಇರಬಹುದು ಅನ್ನುವಷ್ಟು ಸುಳಿವು ಸಿಗುತ್ತದೆ, ಅಷ್ಟೇ. ಹಾಗಾಗಿ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಪರೀಕ್ಷೆ ಮಾಡಿಸಿದೆವು. ಸ್ಲೀವ್ ಫೇಲ್. ಸಿಲಿಕೋನ್ ಸ್ಲೀವಿಗೆ ಬದಲಾದೆವು.

ಹಿತ್ತಾಳೆ ಟರ್ಮಿನಲ್‌ನಲ್ಲಿ ಶೇ. 3ರಷ್ಟು ಸೀಸ ಕಂಡಾಗ ಎದೆ ಧಸಕ್ಕೆಂದಿತ್ತು. ಆದರೆ ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹಕ್ಕೆ ಶೇ. 4ರ ತನಕ ಆಗ ವಿನಾಯಿತಿ ಇತ್ತು. ಅದನ್ನೂ ಫೈಲಿನಲ್ಲಿ ಬರೆದಿಟ್ಟೆ. ಆ ಫೈಲನ್ನು ಹತ್ತು ವರ್ಷ ಕಾಪಾಡಬೇಕು.

ಸ್ಕ್ರೂ ಸಪ್ಲೈಯರ್ ಈಗಲೂ ಫೋನ್ ಮಾಡುತ್ತಾರೆ. "ಹಳದಿದೇ ತಗೊಳ್ಳಿ ಸಾರ್, ಈಗ ಮೂರು ವೇಲೆನ್ಸಿದು, ರೇಟೂ ಕಮ್ಮಿ." ಮೂರು ವೇಲೆನ್ಸಿಯ ಕ್ರೋಮಿಯಂಗೆ ರೋಹ್ಸ್ ಅಡ್ಡಿಯಿಲ್ಲ, ಹಳದಿಯೆಲ್ಲ ಕೆಟ್ಟದ್ದಲ್ಲ, ನಿಜ. ರಿಪೋರ್ಟ್ ಕಳಿಸಿ ಅಂದೆ. ಇನ್ನೂ ಬಂದಿಲ್ಲ.