ಪ್ರೊಜೆಕ್ಟರ್ ಬಿಟ್ಟು ಪೈಪ್ ಹಿಡಿದ ಕಥೆ

ನಮ್ಮ ಕಡೆ ವರ್ಷಕ್ಕೆ ಎರಡೇ ದಿನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟಗೆ ನಿಂತ ವಸ್ತುವಿನ ನೆರಳು ಆಗ ಪಕ್ಕಕ್ಕೆ ಬೀಳುವುದಿಲ್ಲ; ಅದೇ ಶೂನ್ಯ ನೆರಳಿನ ದಿನ. ಮುಂಬೈನ ಮಾಟುಂಗದ ಹೋಟೆಲ್ ಹುಡುಗರಿಗೆ ಅದನ್ನು ತೋರಿಸ್ತೇನೆ ಎಂದಾಗ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಮಧ್ಯಾಹ್ನ ಹನ್ನೆರಡೂವರೆ ಅಂದ್ರೆ ಊಟದ ರಶ್ ಮಾರಾಯ್ರೆ, ಯಾರು ಟೆರೇಸ್ ಹತ್ತುತ್ತಾರೆ?" ಹಿಂದಿನ ವರ್ಷ ಇದನ್ನೇ ವಿವರಿಸಲು ಹಾಲ್, ಪ್ರೊಜೆಕ್ಟರ್, ಬ್ಯಾನರ್, ತಿಂಡಿ ಅಂತ ಏಳೆಂಟು ಸಾವಿರ ಕೈಬಿಟ್ಟಿತ್ತು. ಭೂಮಿ ಓರೆಯಾಗಿರುವುದು, ಅಕ್ಷಾಂಶ, ಎಲ್ಲವೂ ಬಣ್ಣದ ಚಿತ್ರಗಳಲ್ಲಿ ಇದ್ದವು. ಮುಗಿದ ಮೇಲೆ ಕೇಳಿದರೆ ಮತ್ತೆ ಅದೇ ಮಾತು: "ದಿನಾ ಹನ್ನೆರಡಕ್ಕೆ ಸೂರ್ಯ ನೆತ್ತಿ ಮೇಲೇ ಇರ್ತಾನಲ್ಲ ಸರ್?"

ಈ ಸಲ ವಿವರಿಸುವುದನ್ನೇ ಬಿಟ್ಟೆ. ಒಂದಡಿ ಪಿವಿಸಿ ಪೈಪ್ ತಂದೆ, ಐವತ್ತು ರೂಪಾಯಿಯೊಳಗೆ ಮುಗಿಯಿತು. ಮೊದಲು ಕಾಫಿ ಲೋಟ ಇಟ್ಟು ನೋಡಿದ್ದೆ. ಅದರ ಬಾಯಿ ತಳಕ್ಕಿಂತ ಅಗಲ, ಹಾಗಾಗಿ ಸೂರ್ಯ ನೇರ ಮೇಲಿದ್ದರೂ ಸುತ್ತ ನೆರಳು ಬಿದ್ದೇ ಬೀಳುತ್ತದೆ. ಟೆರೇಸೂ ಸಮ ಇರಲ್ಲ, ಮಳೆನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಹಲಗೆ ಇಟ್ಟು, ಅಡಿಗೆ ರಟ್ಟಿನ ಚೂರು ತುರುಕಿ, ಸ್ಪಿರಿಟ್ ಲೆವೆಲ್‌ನಲ್ಲಿ ಮಟ್ಟ ನೋಡಿಕೊಂಡು, ಅದರ ಮೇಲೆ ಪೈಪ್ ನೆಟ್ಟಗೆ ನಿಲ್ಲಿಸಿದೆವು.

ಏಪ್ರಿಲ್ ಕೊನೆಯಿಂದ ಸರದಿಯಂತೆ ಒಬ್ಬ ಹುಡುಗ 12.35ಕ್ಕೆ ಮೇಲೆ ಹೋಗಿ ನೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆದು ಬರಬೇಕು. ಎರಡೇ ನಿಮಿಷದ ಕೆಲಸ. ಹನ್ನೆರಡಕ್ಕೆ ಯಾಕಲ್ಲ ಅಂದರೆ, ಮುಂಬೈನಲ್ಲಿ ಆ ದಿನಗಳಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ 12.35ರ ಸುಮಾರಿಗೆ; ಹುಡುಗರಿಗೆ ಇದನ್ನು ನಾನು ಹೇಳಲಿಲ್ಲ. ಮೊದಲ ಗೆರೆ ಪೈಪಿನಿಂದ ಉತ್ತರಕ್ಕೆ ಸುಮಾರು ಮೂರು ಸೆಂಟಿಮೀಟರ್. ಮೇ ಎರಡನೇ ವಾರಕ್ಕೆ ಒಂದಕ್ಕೆ ಇಳಿಯಿತು. ಅಷ್ಟರಲ್ಲಿ ಅಡುಗೆ ಭಟ್ಟರೂ "ಇವತ್ತು ಎಷ್ಟಾಯ್ತು?" ಅಂತ ವಿಚಾರಿಸತೊಡಗಿದ್ದರು.

ಉಡುಪಿಯಲ್ಲಿ ಇದು ಏಪ್ರಿಲ್ 25ರ ಆಸುಪಾಸಿನಲ್ಲೇ ಆಗಿಹೋಯಿತು ಅಂದೆ. ಪಾತ್ರೆ ತೊಳೆಯುವ ಹುಡುಗನೊಬ್ಬ ತಕ್ಷಣ, "ಹಾಗಾದ್ರೆ ಸೂರ್ಯ ಊರಿಂದ ಇಲ್ಲಿಗೆ ಬರೋಕೆ ಮೂರು ವಾರ!" ಅಂದ. ನನ್ನ ಯಾವ ಸ್ಲೈಡೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ವಾಪಸ್ ಯಾವಾಗ? ಜುಲೈ 27-28ಕ್ಕೆ ಮುಂಬೈ, ಆಗಸ್ಟ್ 17ರ ಹೊತ್ತಿಗೆ ಉಡುಪಿ. ದೆಹಲಿಗೆ? ಅಲ್ಲಿಗೆ ಹೋಗುವುದೇ ಇಲ್ಲ, ಕರ್ಕಾಟಕ ವೃತ್ತದಿಂದಲೇ ತಿರುಗುತ್ತಾನೆ.

ಮೇ 16ಕ್ಕೆ ಮಾಲೀಕರು ರಶ್ ನಡುವೆಯೇ ಹತ್ತು ನಿಮಿಷ ಬಿಟ್ಟರು. ಅವರನ್ನು ಹೇಗೆ ಒಪ್ಪಿಸಿದೆ ಅನ್ನುವ ಗುಟ್ಟು ನನ್ನಲ್ಲೇ ಇರಲಿ. ಹದಿನೈದಿಪ್ಪತ್ತು ಜನ ಸೇರಿದರು. ಬಿಸಿಲು ಪೈಪಿನೊಳಗೆ ನೇರ ಇಳಿದು ಹಲಗೆ ಮುಟ್ಟಿತು, ಹೊರಗೆ ನೆರಳು ಒಂದಿಷ್ಟೂ ಇಲ್ಲ. ಯಾರ ಪ್ರಶ್ನೆಗೂ ನಾನು ಉತ್ತರ ಕೊಡಬೇಕಾಗಲಿಲ್ಲ, ಗೆರೆ ಎಳೆದವರೇ ಬೇರೆಯವರಿಗೆ ಹೇಳಿಕೊಟ್ಟರು.

ಜೊತೆಗೆ ಇನ್ನೊಂದು ನೋಡಿದೆವು. ರಟ್ಟಿನಲ್ಲಿ ಪುಟ್ಟ ಮೂರು ಮೂಲೆ ತೂತು ಕೊರೆದು ಎರಡು ಮೀಟರ್ ಮೇಲೆ ಹಿಡಿದರೆ, ಕೆಳಗೆ ಬೀಳುವ ಬೆಳಕು ದುಂಡಗೆ, ಎರಡು ಸೆಂಟಿಮೀಟರ್ ಆಸುಪಾಸು. ಅದು ಸೂರ್ಯನದೇ ಬಿಂಬ. ಅದೊಂದಕ್ಕೇ ಬೇರೆ ದಿನ ಬೇಕು, ಅಷ್ಟು ಪ್ರಶ್ನೆ ಬರುತ್ತವೆ.

ಆಮೇಲೆ ನೆರಳು ದಕ್ಷಿಣಕ್ಕೆ ತಿರುಗಿತು. ಮಳೆ ಹಿಡಿಯುವವರೆಗೂ ಹುಡುಗರು ತಾವಾಗಿಯೇ ಗೆರೆ ಎಳೆದರು.

ಪುಣೆಯ ಗೆಳೆಯರೇ, ನಿಮ್ಮಲ್ಲಿ ಮೇ 13-14ಕ್ಕೇ ಬರುತ್ತದೆ. ಏಪ್ರಿಲ್‌ನಲ್ಲೇ ಗೆರೆ ಶುರು ಮಾಡಿಸಿ. ಜುಲೈ ನೆಚ್ಚಿಕೊಳ್ಳಬೇಡಿ, ಮೋಡ ಜಾಸ್ತಿ.